ಜರ್ಮನ್ ವಶದಲ್ಲಿ ಫ್ರಾನ್ಸ್: ನಾಲ್ಕು ವರ್ಷಗಳ ಬದುಕು, ಅಳಿಯದ ಗುರುತು

1940ರ ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕಾಗ ಅದನ್ನು ತಡೆಯುವವರು ಯಾರೂ ಇರಲಿಲ್ಲ. ಸರ್ಕಾರ ರಾಜಧಾನಿಯನ್ನು ಬಿಟ್ಟು ಮೊದಲು ತೂರ್ ಪಟ್ಟಣಕ್ಕೆ, ಅಲ್ಲಿಂದ ಬೋರ್ಡೋ ನಗರಕ್ಕೆ ಹೋಗಿತ್ತು. ಮೇ 10ರಂದು ಶುರುವಾದ ದಾಳಿಗೆ ಯುರೋಪಿನ ಬಲಿಷ್ಠ ಸೇನೆಗಳಲ್ಲಿ ಒಂದೆಂದು ಹೆಸರಾಗಿದ್ದ ಫ್ರೆಂಚ್ ಸೇನೆ ಆರು ವಾರಗಳಲ್ಲಿ ಕುಸಿದುಬಿತ್ತು. ಬೆಲ್ಜಿಯಂ, ಉತ್ತರ ಫ್ರಾನ್ಸ್ ಮತ್ತು ಪ್ಯಾರಿಸ್ ಪ್ರದೇಶಗಳಿಂದ ಸುಮಾರು 80 ಲಕ್ಷ ಜನ ಮನೆಮಾರು ತೊರೆದು ದಕ್ಷಿಣದ ದಾರಿ ಹಿಡಿದರು. ಕಾರು, ಗಾಡಿ, ಸೈಕಲ್, ತಳ್ಳುಬಂಡಿಗಳು ತುಂಬಿದ ರಸ್ತೆಗಳ ಮೇಲೆ ಜರ್ಮನ್ ವಿಮಾನಗಳು ಗುಂಡು ಸುರಿಸಿದವು. ಗುಳೆ ಹೊರಟ ಗದ್ದಲದಲ್ಲಿ ಸಾವಿರಾರು ಮಕ್ಕಳು ಹೆತ್ತವರಿಂದ ಬೇರೆಯಾದರು. ಅವರನ್ನು ಹುಡುಕುವ ಜಾಹೀರಾತುಗಳು ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಬಂದವು.

ಜೂನ್ 17ರಂದು ಹೊಸ ಪ್ರಧಾನಿ, 84 ವರ್ಷದ ಮಾರ್ಷಲ್ ಫಿಲಿಪ್ ಪೆತಾಂ, ಯುದ್ಧ ನಿಲ್ಲಿಸಬೇಕೆಂದು ರೇಡಿಯೊದಲ್ಲಿ ಹೇಳಿದರು. ಮರುದಿನ ಲಂಡನ್ನಿನ ಬಿಬಿಸಿಯಿಂದ ಜನರಲ್ ಚಾರ್ಲ್ಸ್ ಡಿ ಗಾಲ್ ಹೋರಾಟ ಮುಂದುವರಿಸುವಂತೆ ಕರೆಕೊಟ್ಟರು. ಅಂದು ಅದನ್ನು ಕೇಳಿದವರು ಕೆಲವೇ ಜನ. ಜೂನ್ 22ರಂದು ಕೊಂಪಿಯೇನ್ ಅರಣ್ಯದಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. 1918ರಲ್ಲಿ ಜರ್ಮನಿ ತನ್ನ ಸೋಲಿಗೆ ಸಹಿ ಹಾಕಿದ್ದ ರೈಲ್ವೆ ಬೋಗಿಯನ್ನೇ ಹಿಟ್ಲರ್ ಈ ಸಂದರ್ಭಕ್ಕೆಂದು ಹೊರಗೆ ತರಿಸಿದ್ದ.

ತುಂಡಾದ ದೇಶ

ಒಪ್ಪಂದ ದೇಶವನ್ನು ಹಲವು ತುಂಡು ಮಾಡಿತು. ಉತ್ತರ ಭಾಗ ಮತ್ತು ಅಟ್ಲಾಂಟಿಕ್ ಕರಾವಳಿ ಸೇರಿ ಅರ್ಧಕ್ಕಿಂತ ಹೆಚ್ಚಿನ ಭೂಭಾಗ ಜರ್ಮನ್ ಸೇನೆಯ ನೇರ ಹಿಡಿತಕ್ಕೆ ಹೋಯಿತು. ದಕ್ಷಿಣದಲ್ಲಿ ಉಳಿದದ್ದು 'ಸ್ವತಂತ್ರ ವಲಯ' ಎನಿಸಿಕೊಂಡಿತು. ನಡುವೆ ಸುಮಾರು 1,200 ಕಿಲೋಮೀಟರ್ ಉದ್ದದ ಗಡಿರೇಖೆ. ಬೆಲ್ಜಿಯಂ ಪಕ್ಕದ ಎರಡು ಜಿಲ್ಲೆಗಳನ್ನು ಬ್ರಸೆಲ್ಸಿನಲ್ಲಿದ್ದ ಜರ್ಮನ್ ದಂಡಾಡಳಿತಕ್ಕೆ ಒಪ್ಪಿಸಲಾಯಿತು. ಆಲ್ಸೇಸ್ ಮತ್ತು ಮೊಸೆಲ್ ಪ್ರದೇಶಗಳನ್ನು ಜರ್ಮನಿ ತನ್ನೊಳಗೇ ಸೇರಿಸಿಕೊಂಡು, 1942ರಿಂದ ಅಲ್ಲಿನ ಸುಮಾರು 1,30,000 ಯುವಕರನ್ನು ಬಲವಂತವಾಗಿ ತನ್ನ ಸೇನೆಗೆ ಭರ್ತಿ ಮಾಡಿತು.

ಗಡಿರೇಖೆ ದಾಟಲು ಜರ್ಮನ್ ಅಧಿಕಾರಿಗಳ ಪರವಾನಗಿ ಬೇಕಿತ್ತು. ಅಂಚೆಯೂ ಮೊದಲು ನಿಂತುಹೋಗಿ, ಆಮೇಲೆ ಒಂದು ಮುದ್ರಿತ ಕಾರ್ಡಿಗೆ ಮಾತ್ರ ಅವಕಾಶ ಸಿಕ್ಕಿತು. ಆರೋಗ್ಯವಾಗಿದ್ದಾರೆ, ಕಾಯಿಲೆ, ಗಾಯಗೊಂಡಿದ್ದಾರೆ, ಸತ್ತಿದ್ದಾರೆ, ಸೆರೆಯಲ್ಲಿದ್ದಾರೆ ಎಂಬಂಥ ಮಾತುಗಳು ಅದರಲ್ಲಿ ಅಚ್ಚಾಗಿಯೇ ಇರುತ್ತಿದ್ದವು. ಸಲ್ಲದ್ದನ್ನು ಹೊಡೆದುಹಾಕಿ, ಖಾಲಿ ಜಾಗದಲ್ಲಿ ಹೆಸರು ತುಂಬಿ ಕಳಿಸಬೇಕಿತ್ತು. ಸೋಲಿನ ವೇಳೆ ಸೆರೆಸಿಕ್ಕ ಸೈನಿಕರು ಸುಮಾರು 18 ಲಕ್ಷ. ಅವರಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಜರ್ಮನಿಯ ಶಿಬಿರಗಳಿಗೆ ಸಾಗಿಸಿದ್ದರಿಂದ, ಹೊಲ ಮತ್ತು ಅಂಗಡಿಯ ಭಾರ ಲಕ್ಷಾಂತರ ಮನೆಗಳಲ್ಲಿ ಹೆಂಗಸರ ಮೇಲೆ ಬಿತ್ತು.

ಜುಲೈ 10ರಂದು ನೀರಿನ ಬುಗ್ಗೆಗಳಿಗೆ ಹೆಸರಾದ ವಿಶಿ ಪಟ್ಟಣದಲ್ಲಿ ಸೇರಿದ ಸಂಸತ್ತು 569–80 ಮತಗಳಿಂದ ಪೆತಾಂಗೆ ಪೂರ್ಣಾಧಿಕಾರ ಕೊಟ್ಟಿತು. ಅಲ್ಲಿಗೆ ಮೂರನೆಯ ಗಣರಾಜ್ಯ ಮುಗಿಯಿತು. 'ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ'ದ ಜಾಗದಲ್ಲಿ 'ದುಡಿಮೆ, ಕುಟುಂಬ, ತಾಯ್ನಾಡು' ಎಂಬ ಘೋಷಣೆ ಬಂತು. ಮೊದಲ ಮಹಾಯುದ್ಧದಲ್ಲಿ ವೆರ್ದಂ ಕೋಟೆಯನ್ನು ಉಳಿಸಿದ ವೀರನೆಂಬ ಗೌರವ ಪೆತಾಂ ಮೇಲಿತ್ತು. ಬಹುಪಾಲು ಜನ ಮೊದಮೊದಲು ಅವರನ್ನು ನಂಬಿದರು. ಆದರೆ ಅಕ್ಟೋಬರ್ 24ರಂದು ಮೊಂತ್ವಾರ್ ಎಂಬಲ್ಲಿ ಹಿಟ್ಲರನ ಕೈಕುಲುಕಿದ ಪೆತಾಂ, ಅದಾದ ವಾರದೊಳಗೆ ಜರ್ಮನಿಯೊಂದಿಗೆ ಸಹಕಾರದ ಹಾದಿ ಹಿಡಿದಿರುವುದಾಗಿ ತಾವೇ ಸಾರಿದರು.

ಕದನವಿರಾಮದ ಮೂರನೆಯ ಕಲಮು ಆಕ್ರಮಿತ ವಲಯದ ಫ್ರೆಂಚ್ ಅಧಿಕಾರಿಗಳು ಜರ್ಮನರ ಆದೇಶದಂತೆ ನಡೆಯಬೇಕೆಂದು ವಿಧಿಸಿತ್ತು. ಅಷ್ಟು ದೊಡ್ಡ ದೇಶವನ್ನು ತಾನೇ ಆಳುವಷ್ಟು ಸಿಬ್ಬಂದಿ ಜರ್ಮನಿಯ ಬಳಿ ಇರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಪಡಿತರ ಹಂಚಿದವರು, ಗುರುತಿನ ಚೀಟಿ ಬರೆದವರು, ಪಟ್ಟಿ ಮಾಡಿದವರು, ಬಂಧಿಸಿದವರು ಬಹುಮಟ್ಟಿಗೆ ಫ್ರೆಂಚ್ ಗುಮಾಸ್ತರು ಮತ್ತು ಪೊಲೀಸರು. ಆ ನಾಲ್ಕು ವರ್ಷಗಳ ದಿನನಿತ್ಯದ ಬದುಕು ರೂಪುಗೊಂಡದ್ದು ಈ ವ್ಯವಸ್ಥೆಯೊಳಗೆ. ಆಮೇಲಿನ ದಶಕಗಳ ವಾದವಿವಾದದ ಬೇರೂ ಇಲ್ಲೇ ಇದೆ.

ಹಸಿವಿನ ಲೆಕ್ಕ

ಆಕ್ರಮಣದ ಖರ್ಚನ್ನು ಸೋತವರೇ ಹೊರಬೇಕೆಂದು ಜರ್ಮನಿ ದಿನಕ್ಕೆ 40 ಕೋಟಿ ಫ್ರಾಂಕ್ ಕಪ್ಪ ವಿಧಿಸಿತು. ಒಂದು ಮಾರ್ಕಿಗೆ 20 ಫ್ರಾಂಕ್ ಎಂಬ ವಿನಿಮಯ ದರವನ್ನೂ ಹೇರಿತು. ಮಾರ್ಕಿನ ನಿಜ ಬೆಲೆಗಿಂತ ಇದು ಬಹಳ ಹೆಚ್ಚಾಗಿದ್ದರಿಂದ ಜರ್ಮನ್ ಸೈನಿಕರಿಗೆ ಪ್ಯಾರಿಸಿನ ಅಂಗಡಿಗಳಲ್ಲಿ ಎಲ್ಲವೂ ಅಗ್ಗವಾಯಿತು. ಗೋಧಿ, ಮಾಂಸ, ಆಲೂಗಡ್ಡೆ, ದ್ರಾಕ್ಷಾರಸ, ಕಲ್ಲಿದ್ದಲು ರೈಲುಗಟ್ಟಲೆ ಪೂರ್ವಕ್ಕೆ ಹೋದವು. ಬ್ರಿಟನ್ನಿನ ಸಮುದ್ರ ದಿಗ್ಬಂಧನದಿಂದ ವಸಾಹತುಗಳ ಎಣ್ಣೆ, ಕಾಫಿ, ಸಕ್ಕರೆ ಬರುವುದೂ ಕಡಿಮೆಯಾಯಿತು.

1940ರ ಸೆಪ್ಟೆಂಬರಿನಲ್ಲಿ ಪಡಿತರ ಚೀಟಿ ಬಂತು. ಜನರನ್ನು ವಯಸ್ಸು ಮತ್ತು ಕೆಲಸದ ಪ್ರಕಾರ ಅಕ್ಷರಗಳಲ್ಲಿ ವಿಂಗಡಿಸಲಾಯಿತು: ಮೂರು ವರ್ಷದೊಳಗಿನ ಕೂಸುಗಳು 'ಇ', ಹದಿಹರೆಯದವರು 'ಜೆ3', ಸಾಮಾನ್ಯ ವಯಸ್ಕರು 'ಎ', ಕಠಿಣ ದುಡಿಮೆಯವರು 'ಟಿ', ಹೊಲದ ಕೆಲಸದವರು 'ಸಿ', ಎಪ್ಪತ್ತು ದಾಟಿದವರು 'ವಿ'. ವಯಸ್ಕರಿಗೆ ದಿನಕ್ಕೆ 350 ಗ್ರಾಂ ಇದ್ದ ಬ್ರೆಡ್ 1941ರಲ್ಲಿ 275 ಗ್ರಾಮಿಗೆ ಇಳಿಯಿತು. ಬ್ರೆಡ್ಡೇ ಮುಖ್ಯ ಆಹಾರವಾದ ದೇಶದಲ್ಲಿ ಇದು ದೊಡ್ಡ ಪೆಟ್ಟು. ಚೀಟಿಯ ಮೇಲೆ ಸಿಗುತ್ತಿದ್ದುದೆಲ್ಲ ಸೇರಿದರೂ ದಿನಕ್ಕೆ ಸುಮಾರು 1,200 ಕ್ಯಾಲರಿ, ಅಂದರೆ ವಯಸ್ಕರೊಬ್ಬರ ಅಗತ್ಯದ ಅರ್ಧ. ಚೀಟಿ ಇದ್ದ ಮಾತ್ರಕ್ಕೆ ಸಾಮಾನು ಸಿಗುತ್ತದೆ ಎಂಬ ಖಾತರಿಯೂ ಇರಲಿಲ್ಲ. ಹೆಂಗಸರು ನಸುಕಿನಲ್ಲೇ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು. ತಂಬಾಕಿನ ಪಡಿತರ ಗಂಡಸರಿಗೆ ಮಾತ್ರ.

ಆಲೂಗಡ್ಡೆಯ ಬದಲಿಗೆ ತಟ್ಟೆಗೆ ಬಂದದ್ದು ರುಟಬಾಗ ಮತ್ತು ತೊಪಿನಂಬೂರ್ ಎಂಬ ಗೆಡ್ಡೆಗಳು. ಅದುವರೆಗೆ ಅವು ಹೆಚ್ಚಾಗಿ ದನದ ಮೇವಾಗಿದ್ದವು. ಸಕ್ಕರೆಗೆ ಬದಲು ಸ್ಯಾಕರಿನ್ ಬಂತು. ಹುರಿದ ಬಾರ್ಲಿ, ಚಿಕೋರಿಗಳ ಪುಡಿಯೇ ಕಾಫಿಯಾಯಿತು. ನಗರದವರು ಮನೆಯ ಬಾಲ್ಕನಿಯಲ್ಲಿ ಮೊಲ ಸಾಕಿದರು. ಹಳ್ಳಿಯಲ್ಲಿ ನೆಂಟರಿದ್ದವರಿಗೆ ಅಂಚೆಯಲ್ಲಿ ಬರುವ ಆಹಾರದ ಪೊಟ್ಟಣವೇ ಆಧಾರ. ಸರ್ಕಾರವೂ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಉಳಿದವರು ಕಾಳಸಂತೆಗೆ ಹೋಗಬೇಕಿತ್ತು. ಅಲ್ಲಿ ಬೆಣ್ಣೆ, ಮೊಟ್ಟೆ, ಮಾಂಸದ ದರ ಸರ್ಕಾರಿ ದರದ ಹಲವು ಪಟ್ಟು. 1942ರ ಮಾರ್ಚಿನ ಕಾನೂನು ಕಾಳಸಂತೆಗೆ ಕಠಿಣ ಶಿಕ್ಷೆ ವಿಧಿಸಿದರೂ ಮನೆಮಟ್ಟಿಗೆ ಕೊಳ್ಳುವವರನ್ನು ಬಿಟ್ಟುಬಿಟ್ಟಿತು. ಅದಿಲ್ಲದೆ ಜನ ಬದುಕಲಾರರೆಂಬುದು ಆಳುವವರಿಗೂ ಗೊತ್ತಿತ್ತು. ಹಳ್ಳಿಗರು ಹೇಗೋ ಉಂಡರು. ದ್ರಾಕ್ಷಿಯನ್ನೇ ನಂಬಿದ ದಕ್ಷಿಣದ ಪಟ್ಟಣಗಳು ಮತ್ತು ಮಾರ್ಸೇಲ್ ಹಸಿದವು.

ಎಲ್ಲರಿಗಿಂತ ಹೆಚ್ಚು ನರಳಿದವರು ಹೊರಗೆ ಹೋಗಿ ಏನನ್ನೂ ಕೊಳ್ಳಲಾರದವರು. ಮಾನಸಿಕ ಆಸ್ಪತ್ರೆಗಳಲ್ಲಿ 40,000ಕ್ಕೂ ಹೆಚ್ಚು ರೋಗಿಗಳು ಹಸಿವು ಮತ್ತು ಅದು ತಂದ ಕಾಯಿಲೆಗಳಿಂದ ಸತ್ತರು. ಮೂವತ್ತು ವರ್ಷಗಳಿಂದ ಅಂಥ ಆಸ್ಪತ್ರೆಗಳಲ್ಲೇ ಇದ್ದ ಶಿಲ್ಪಿ ಕಮೀಯ್ ಕ್ಲೋದೆಲ್ 1943ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಚಳಿ, ಸೈಕಲ್, ಸಿನಿಮಾ

ಕಲ್ಲಿದ್ದಲಿನ ಅಭಾವದಿಂದ ಚಳಿಗಾಲ ಕಡುಕಷ್ಟವಾಯಿತು. ಜನ ಮನೆಯ ಒಂದೇ ಕೋಣೆಯಲ್ಲಿ ಕೂಡಿ ಬದುಕಿದರು. ಬಟ್ಟೆಯೊಳಗೆ ಹಳೆಯ ಪತ್ರಿಕೆ ತುರುಕಿಕೊಂಡರು. ಚರ್ಮ ಸಿಗದೆ ಚಪ್ಪಲಿ, ಬೂಟುಗಳಿಗೆ ಮರದ ಅಟ್ಟೆ ಬಂತು. ಸ್ಟಾಕಿಂಗ್ಸ್ ಸಿಗದ ತರುಣಿಯರು ಕಾಲಿಗೆ ಬಣ್ಣ ಬಳಿದು ಹಿಂದೆ ಹೊಲಿಗೆಯ ಗೆರೆ ಎಳೆದುಕೊಂಡರು. ಪೆಟ್ರೋಲಿಲ್ಲದೆ ಪ್ಯಾರಿಸಿನ ಬೀದಿಗಳು ಸೈಕಲ್ಲುಗಳಿಂದ ತುಂಬಿದವು. ಟ್ಯಾಕ್ಸಿಯ ಕೆಲಸ ಸೈಕಲ್ ರಿಕ್ಷಾಗಳಿಗೆ ಬಂತು. ಉಳಿದ ಲಾರಿ, ಬಸ್ಸುಗಳಿಗೆ ಕಟ್ಟಿಗೆ, ಇದ್ದಿಲು ಉರಿಸಿ ಅನಿಲ ತೆಗೆಯುವ ಉಪಕರಣ ಜೋಡಿಸಲಾಯಿತು. ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಓಡುತ್ತಿದ್ದ ಇದ್ದಿಲು ಬಸ್ಸುಗಳದ್ದೂ ಇದೇ ತಂತ್ರ.

ಗಡಿಯಾರವನ್ನು ಬರ್ಲಿನ್ನಿನ ಸಮಯಕ್ಕೆ ತಿರುಗಿಸಲಾಯಿತು. ರಾತ್ರಿ ಕರ್ಫ್ಯೂ ಇದ್ದುದರಿಂದ ನಾಟಕ, ಸಿನಿಮಾ ಎಲ್ಲವೂ ಕೊನೆಯ ಮೆಟ್ರೊ ಹೊರಡುವ ಮುನ್ನ ಮುಗಿಯಬೇಕಿತ್ತು. ಆದರೂ ಚಿತ್ರಮಂದಿರಗಳು ಯುದ್ಧಕ್ಕೆ ಮುಂಚಿನ ದಿನಗಳಿಗಿಂತ ಹೆಚ್ಚು ತುಂಬಿದವು. ಅಮೆರಿಕದ, ಬ್ರಿಟನ್ನಿನ ಚಿತ್ರಗಳಿಗೆ ನಿಷೇಧವಿದ್ದುದು ಫ್ರೆಂಚ್ ಚಿತ್ರೋದ್ಯಮಕ್ಕೆ ಅನುಕೂಲವಾಯಿತು. ನಾಲ್ಕು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಥಾಚಿತ್ರಗಳು ತಯಾರಾದವು. ಜರ್ಮನ್ ಸೆನ್ಸಾರಿನ ಒಪ್ಪಿಗೆ ಪಡೆದೇ ಸಾರ್ತ್ರ್ 1943ರಲ್ಲಿ 'ನೊಣಗಳು' ನಾಟಕವನ್ನೂ, ಆನ್ವೀ 1944ರಲ್ಲಿ 'ಆಂತಿಗೊನ್' ನಾಟಕವನ್ನೂ ರಂಗಕ್ಕೆ ತಂದರು. ಇತ್ತ ಯಹೂದಿ ಲೇಖಕರ ಮತ್ತು ನಾಜಿ ವಿರೋಧಿಗಳ ಪುಸ್ತಕಗಳು ನಿಷೇಧದ ಪಟ್ಟಿಗೆ ಸೇರಿ ಅಂಗಡಿಗಳಿಂದ ಮಾಯವಾದವು. ಕಾಗದದ ಮೇಲೆ ಹತೋಟಿ ಇಟ್ಟ ಸರ್ಕಾರ ಯಾರ ಪುಸ್ತಕ ಅಚ್ಚಾಗಬೇಕೆಂಬುದನ್ನೂ ತೀರ್ಮಾನಿಸಿತು. 1942ರಲ್ಲಿ 'ವೆರ್ಕೋರ್' ಎಂಬ ಗುಪ್ತನಾಮದಲ್ಲಿ ಬಂದ 'ಸಮುದ್ರದ ಮೌನ' ಕಥೆಯನ್ನು ಭೂಗತ ಪ್ರಕಾಶನವೊಂದು ಕದ್ದುಮುಚ್ಚಿ ಅಚ್ಚು ಹಾಕಿತು.

ಪಟ್ಟಿ, ನಕ್ಷತ್ರ, ರೈಲು

ಯಹೂದಿಗಳ ವಿರುದ್ಧದ ಮೊದಲ ದೊಡ್ಡ ಕಾನೂನನ್ನು ಪೆತಾಂ ಅವರ ವಿಶಿ ಸರ್ಕಾರ ಜರ್ಮನರ ಆದೇಶಕ್ಕೆ ಕಾಯದೆ ತಾನೇ ಮಾಡಿತು. 1940ರ ಅಕ್ಟೋಬರ್ 3ರ ಆ ಶಾಸನ ಅವರನ್ನು ಸರ್ಕಾರಿ ಹುದ್ದೆ, ಶಿಕ್ಷಣ, ಪತ್ರಿಕೆ, ಸಿನಿಮಾಗಳಿಂದ ಹೊರಹಾಕಿತು. ಅದೇ ತಿಂಗಳು ಜರ್ಮನ್ ಆದೇಶದ ಮೇರೆಗೆ ಪ್ಯಾರಿಸ್ ಪ್ರದೇಶದ ಸುಮಾರು ಒಂದೂವರೆ ಲಕ್ಷ ಯಹೂದಿಗಳು ಫ್ರೆಂಚ್ ಪೊಲೀಸ್ ಠಾಣೆಗಳಿಗೆ ಹೋಗಿ ಹೆಸರು ಬರೆಸಿದರು. ಆ ಹೆಸರುಗಳು ಕಾರ್ಡುಗಳಾಗಿ ಪೊಲೀಸ್ ಪ್ರಧಾನ ಕಚೇರಿಯಲ್ಲಿ ಕೂತವು. 1942ರ ಜೂನಿನಿಂದ ಆಕ್ರಮಿತ ವಲಯದಲ್ಲಿ ಆರು ವರ್ಷ ದಾಟಿದ ಪ್ರತಿ ಯಹೂದಿಯೂ ಹಳದಿ ನಕ್ಷತ್ರ ಧರಿಸಬೇಕಾಯಿತು. ತಲೆಗೆ ಮೂರು ನಕ್ಷತ್ರ. ಆ ಬಟ್ಟೆಗೆ ಅವರದೇ ಬಟ್ಟೆಯ ಪಡಿತರ ಚೀಟಿಯಿಂದ ಒಂದು ಪಾಯಿಂಟ್ ಕಡಿತ.

1942ರ ಜುಲೈ 16 ಮತ್ತು 17ರಂದು ಪ್ಯಾರಿಸಿನ ಪೊಲೀಸರು ಆ ಕಾರ್ಡುಗಳನ್ನು ಹಿಡಿದು ಮನೆಮನೆಗೆ ಹೋದರು. ಬಂಧಿತರು 13,152 ಮಂದಿ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು. ಕುಟುಂಬಗಳನ್ನು ವೆಲ್ ದಿವ್ ಎಂಬ ಸೈಕಲ್ ಪಂದ್ಯದ ಒಳಾಂಗಣದಲ್ಲಿ ದಿನಗಟ್ಟಲೆ ಕೂಡಿಹಾಕಲಾಯಿತು. ಆಮೇಲೆ ಪಿತಿವಿಯೆ ಮತ್ತು ಬೋನ್-ಲಾ-ರೋಲಾಂದ್ ಶಿಬಿರಗಳಲ್ಲಿ ತಾಯಂದಿರಿಂದ ಮಕ್ಕಳನ್ನು ಬೇರ್ಪಡಿಸಿ, ಮೊದಲು ಹೆತ್ತವರನ್ನು, ನಂತರ ಮಕ್ಕಳನ್ನು ನಾಜಿ ಹತ್ಯಾಶಿಬಿರವಾದ ಆಷ್‌ವಿಟ್ಜ್‌ಗೆ ಕಳಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿನಿಂದ ಹೀಗೆ ಸಾಗಿಸಲಾದ ಯಹೂದಿಗಳು ಸುಮಾರು 76,000. ಜೀವಂತ ಮರಳಿದವರು ಎರಡೂವರೆ ಸಾವಿರದಷ್ಟು.

ಫ್ರಾನ್ಸಿನಲ್ಲಿದ್ದ ಯಹೂದಿಗಳಲ್ಲಿ ಮುಕ್ಕಾಲು ಪಾಲು ಬದುಕುಳಿದದ್ದೂ ನಿಜ. 1942ರ ಆಗಸ್ಟಿನಲ್ಲಿ ತುಲೂಸಿನ ಆರ್ಚ್‌ಬಿಷಪ್ ಸಲಿಯೆಜ್ ಈ ಬಂಧನಗಳನ್ನು ಖಂಡಿಸಿ ಬರೆದ ಪತ್ರವನ್ನು ಚರ್ಚುಗಳಲ್ಲಿ ಓದಲಾಯಿತು. ಮಧ್ಯ ಫ್ರಾನ್ಸಿನ ಬೆಟ್ಟದ ಊರು ಲ ಶಾಂಬೋಂ-ಸುರ್-ಲಿನ್ಯೋಂನಲ್ಲಿ ಪಾದ್ರಿ ಆಂದ್ರೆ ತ್ರೋಕ್ಮೆ ಮುಂದಾಳುತನದಲ್ಲಿ ಇಡೀ ಊರೇ ನಿರಾಶ್ರಿತರನ್ನು ಬಚ್ಚಿಟ್ಟಿತು. ಸುಳ್ಳು ಗುರುತಿನ ಚೀಟಿ ಬರೆದುಕೊಟ್ಟ ಗುಮಾಸ್ತರು, ಬಂಧನದ ಸುದ್ದಿಯನ್ನು ಮುಂಚೆಯೇ ಮುಟ್ಟಿಸಿದ ಪೊಲೀಸರು ಸಹ ಇದ್ದರು. ಪಟ್ಟಿ ಮಾಡಿದ ಕಚೇರಿಗಳೊಳಗೇ ಪಟ್ಟಿಯಿಂದ ತಪ್ಪಿಸಿದವರೂ ಕೆಲಸ ಮಾಡುತ್ತಿದ್ದರು.

ಪ್ರತಿರೋಧ

ಮಿತ್ರಪಡೆಗಳು ಉತ್ತರ ಆಫ್ರಿಕಾದಲ್ಲಿ ಇಳಿದ ಮೂರೇ ದಿನಕ್ಕೆ, 1942ರ ನವೆಂಬರ್ 11ರಂದು, ಜರ್ಮನ್ ಸೇನೆ ದಕ್ಷಿಣ ವಲಯಕ್ಕೂ ನುಗ್ಗಿತು. ವಿಶಿ ಸರ್ಕಾರ ಹೆಸರಿಗಷ್ಟೇ ಉಳಿಯಿತು. 1943ರ ಫೆಬ್ರುವರಿ 16ರಂದು ಬಂದ ಕಡ್ಡಾಯ ದುಡಿಮೆಯ ಕಾನೂನು ಯುವಕರನ್ನು ಜರ್ಮನಿಯ ಕಾರ್ಖಾನೆಗಳಿಗೆ ಎಳೆದೊಯ್ಯತೊಡಗಿತು. ಹೀಗೆ ಬಲವಂತಕ್ಕೆ ಸಿಕ್ಕಿ ಹೋದವರು 6 ಲಕ್ಷಕ್ಕೂ ಹೆಚ್ಚು. ರಾಜಕೀಯದ ಗೊಡವೆಯೇ ಇಲ್ಲದ ಮನೆಗಳಿಗೂ ಈ ಕಾನೂನು ಬಂದು ಮುಟ್ಟಿತು. ತಪ್ಪಿಸಿಕೊಂಡ ಹುಡುಗರು ಕಾಡುಬೆಟ್ಟ ಸೇರಿದರು. ರೈತರು ಅವರಿಗೆ ಅನ್ನ ಹಾಕಿದರು. 'ಮಾಕಿ' ಎಂಬ ಗೆರಿಲ್ಲಾ ಪಡೆಗಳಿಗೆ ಹೀಗೆ ಜನ ಸಿಕ್ಕರು.

ಅದಕ್ಕೆ ಮುಂಚೆ ಪ್ರತಿರೋಧವೆಂದರೆ ಸಣ್ಣ ಗುಂಪುಗಳ ಕೆಲಸ: ಭೂಗತ ಪತ್ರಿಕೆ, ಬೇಹುಗಾರಿಕೆ, ಕೆಳಬಿದ್ದ ಬ್ರಿಟಿಷ್ ವಿಮಾನಗಳ ಚಾಲಕರನ್ನು ಗಡಿ ದಾಟಿಸುವುದು. ಜರ್ಮನ್ ಅಧಿಕಾರಿಯೊಬ್ಬ ಸತ್ತರೆ ಒತ್ತೆಯಾಳುಗಳನ್ನು ಕೊಲ್ಲುತ್ತಿದ್ದರು. 1941ರ ಅಕ್ಟೋಬರ್ 22ರಂದು ಶಾತೋಬ್ರಿಯಾಂನಲ್ಲಿ ಗುಂಡಿಗೆ ಬಲಿಯಾದ 27 ಮಂದಿಯಲ್ಲಿ ಗೀ ಮೊಕೆಗೆ ಹದಿನೇಳು ವರ್ಷ. ಚದುರಿದ್ದ ಗುಂಪುಗಳನ್ನು ಡಿ ಗಾಲ್ ಪರವಾಗಿ ಒಗ್ಗೂಡಿಸಿದವರು ಜಿಲ್ಲಾಧಿಕಾರಿಯಾಗಿದ್ದ ಜಾಂ ಮೂಲಾಂ. 1943ರ ಮೇ 27ರಂದು ಪ್ಯಾರಿಸಿನಲ್ಲಿ ರಾಷ್ಟ್ರೀಯ ಪ್ರತಿರೋಧ ಮಂಡಳಿಯ ಮೊದಲ ಸಭೆ ನಡೆಸಿದ ಅವರು ಮುಂದಿನ ತಿಂಗಳೇ ಸೆರೆಯಾಗಿ, ಚಿತ್ರಹಿಂಸೆಯಿಂದ ಸತ್ತರು. ವಲಸೆ ಬಂದವರ ಪಾಲೂ ದೊಡ್ಡದು: ಅರ್ಮೇನಿಯನ್ ಕವಿ ಮಿಸಾಕ್ ಮನೂಶಿಯನ್ ಮತ್ತು ಅವನ ಸಂಗಡಿಗರನ್ನು 1944ರ ಫೆಬ್ರುವರಿ 21ರಂದು ಮೋಂ-ವಲೇರಿಯಂ ಕೋಟೆಯಲ್ಲಿ ಗುಂಡಿಟ್ಟು ಕೊಂದರು.

ಈ ಕಥೆಯಲ್ಲಿ ಮೈಸೂರಿನ ಒಂದು ಎಳೆಯೂ ಇದೆ. ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್ ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್ ಎಂಬಲ್ಲಿ. ಬ್ರಿಟಿಷ್ ಗುಪ್ತದಳ 1943ರ ಜೂನಿನಲ್ಲಿ ಅವರನ್ನು ವೈರ್‌ಲೆಸ್ ಕೆಲಸಕ್ಕೆ ಫ್ರಾನ್ಸಿಗೆ ಕಳಿಸಿತು. ಸಂಗಡಿಗರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದ ಮೇಲೂ ಜಾಗ ಬದಲಿಸುತ್ತ ಲಂಡನ್ನಿಗೆ ಸಂದೇಶ ಕಳಿಸಿದ ನೂರ್, ಅಕ್ಟೋಬರಿನಲ್ಲಿ ಸೆರೆಯಾಗಿ 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಹತರಾದರು.

ಬಿಡುಗಡೆ ಮತ್ತು ಸೇಡು

1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದವು. ಬಿಡುಗಡೆ ಪುಕ್ಕಟೆಯಾಗಿ ಬರಲಿಲ್ಲ. ಮಿತ್ರಪಡೆಗಳ ಬಾಂಬಿಗೇ ಹತ್ತಾರು ಸಾವಿರ ಫ್ರೆಂಚ್ ನಾಗರಿಕರು ಬಲಿಯಾದರು. ಲ ಆವ್ರ್, ಕಾಂ ನಗರಗಳು ನೆಲಸಮವಾದವು. ಜೂನ್ 10ರಂದು ನಾಜಿ ಎಸ್‌ಎಸ್ ಪಡೆ ಒರಾದೂರ್-ಸುರ್-ಗ್ಲಾನ್ ಎಂಬ ಹಳ್ಳಿಯಲ್ಲಿ 640ಕ್ಕೂ ಹೆಚ್ಚು ಜನರನ್ನು ಕೊಂದು ಊರನ್ನು ಸುಟ್ಟಿತು. ಆಗಸ್ಟ್ 19ರಂದು ದಂಗೆಯೆದ್ದ ಪ್ಯಾರಿಸ್ 25ರಂದು ಬಿಡುಗಡೆಯಾಯಿತು.

ಜರ್ಮನರೊಂದಿಗೆ ಸಹಕರಿಸಿದವರ ಮೇಲಿನ ಸೇಡು ಬಿಡುಗಡೆಗೆ ಕಾಯಲಿಲ್ಲ. ವಿಚಾರಣೆಯಿಲ್ಲದೆ ಸುಮಾರು ಒಂಬತ್ತು ಸಾವಿರ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಬಿಡುಗಡೆಗೆ ಮುನ್ನ ಅಥವಾ ಆ ದಿನಗಳಲ್ಲೇ ಹತರಾದವರು. ಜರ್ಮನರ ಜೊತೆ ಸಂಬಂಧವಿತ್ತೆಂದು ಸುಮಾರು 20,000 ಹೆಂಗಸರ ತಲೆ ಬೋಳಿಸಿ ಬೀದಿಯಲ್ಲಿ ಮೆರೆಸಿದರು. ನ್ಯಾಯಾಲಯಗಳು ವಿಧಿಸಿದ ಮರಣದಂಡನೆಗಳಲ್ಲಿ ಜಾರಿಯಾದವು ಸುಮಾರು 1,500. ವಿಶಿ ಸರ್ಕಾರದ ಪ್ರಧಾನಿಯಾಗಿದ್ದ ಪಿಯೆರ್ ಲವಾಲ್ ಗುಂಡಿಗೆ ಗುರಿಯಾದರೆ, ಪೆತಾಂ ಶಿಕ್ಷೆ ಜೀವಾವಧಿಗೆ ಇಳಿದು ಅವರು 1951ರಲ್ಲಿ ದ್ವೀಪವೊಂದರ ಸೆರೆವಾಸದಲ್ಲಿ ತೀರಿಕೊಂಡರು. 1951 ಮತ್ತು 1953ರ ಕ್ಷಮಾದಾನ ಕಾನೂನುಗಳು ಉಳಿದವರಲ್ಲಿ ಹೆಚ್ಚಿನವರನ್ನು ಬಿಡಿಸಿದವು. ಹಸಿವು ಮಾತ್ರ ಜರ್ಮನರೊಂದಿಗೆ ಹೋಗಲಿಲ್ಲ: 1947ರಲ್ಲಿ ಬ್ರೆಡ್ಡಿನ ಪಡಿತರ 200 ಗ್ರಾಮಿಗೆ ಇಳಿದು ಯುದ್ಧಕಾಲದ 275 ಗ್ರಾಮಿಗಿಂತಲೂ ಕಡಿಮೆಯಾಯಿತು. ಪಡಿತರ ಪೂರ್ತಿ ನಿಂತದ್ದು 1949ರಲ್ಲಿ.

ಉಳಿದುಬಂದ ವ್ಯವಸ್ಥೆಗಳು

ಯುದ್ಧಾನಂತರದ ಫ್ರಾನ್ಸಿಗೆ ಎರಡು ಕಡೆಯಿಂದ ಬಳುವಳಿ ಬಂತು. ಪ್ರತಿರೋಧ ಮಂಡಳಿ 1944ರ ಮಾರ್ಚ್ 15ರಂದು ಒಪ್ಪಿದ ಕಾರ್ಯಕ್ರಮವೇ 1945ರ ಸಾಮಾಜಿಕ ಭದ್ರತಾ ವ್ಯವಸ್ಥೆಗೂ, ಕಲ್ಲಿದ್ದಲು, ವಿದ್ಯುತ್, ಅನಿಲ ಉದ್ಯಮಗಳ ರಾಷ್ಟ್ರೀಕರಣಕ್ಕೂ ತಳಹದಿ. 1944ರ ಏಪ್ರಿಲ್ 21ರಂದು ಡಿ ಗಾಲ್ ನೇತೃತ್ವದ ತಾತ್ಕಾಲಿಕ ಆಡಳಿತ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತು. ಅವರು ಮೊದಲು ಮತ ಹಾಕಿದ್ದು 1945ರ ಏಪ್ರಿಲಿನ ಪುರಸಭಾ ಚುನಾವಣೆಗಳಲ್ಲಿ.

ಇನ್ನೊಂದು ಬಳುವಳಿ ವಿಶಿಯದು. ಅದರ ಬಗ್ಗೆ ಮಾತು ಕಡಿಮೆ. ಗಣರಾಜ್ಯ ಅದರ ಕಾನೂನುಗಳನ್ನು ಅಸಿಂಧುವೆಂದು ಸಾರಿದರೂ ಉಪಯುಕ್ತವೆನಿಸಿದ್ದನ್ನು ತಿದ್ದಿ ಇಟ್ಟುಕೊಂಡಿತು. ವೈದ್ಯರ ಮಂಡಳಿ, ನಗರಗಳ ಪೊಲೀಸರನ್ನು ಕೇಂದ್ರದ ಕೈಗೆ ತಂದ ವ್ಯವಸ್ಥೆ, ಅಪಾಯದಲ್ಲಿರುವವರಿಗೆ ನೆರವಾಗದಿರುವುದು ಅಪರಾಧವೆಂಬ ನಿಯಮ, ಇವೆಲ್ಲ 1940–41ರಲ್ಲಿ ಹುಟ್ಟಿದವು. ಪ್ರತಿ ಫ್ರೆಂಚ್ ಪ್ರಜೆಗೆ ಇಂದಿಗೂ ಇರುವ ಸಾಮಾಜಿಕ ಭದ್ರತಾ ಸಂಖ್ಯೆಯ ಮೂಲ, ಸಂಖ್ಯಾಶಾಸ್ತ್ರ ಇಲಾಖೆಯ ರೆನೆ ಕಾರ್ಮೀಯ್ 1941ರಲ್ಲಿ ರೂಪಿಸಿದ 13 ಅಂಕಿಗಳ ಸಂಖ್ಯೆ. ಕಾರ್ಮೀಯ್ ಪ್ರತಿರೋಧದಲ್ಲಿ ಸಿಕ್ಕಿಬಿದ್ದು 1945ರಲ್ಲಿ ಡಾಖಾವ್‌ನಲ್ಲಿ ಸತ್ತರು. ಬರ್ಲಿನ್ನಿಗೆ ಹೊಂದಿಸಿದ ಗಡಿಯಾರವೂ ಹಿಂದೆ ತಿರುಗಲಿಲ್ಲ; ಫ್ರಾನ್ಸ್ ಈಗಲೂ ಮಧ್ಯ ಯುರೋಪಿನ ಸಮಯವನ್ನೇ ಅನುಸರಿಸುತ್ತದೆ. ರುಟಬಾಗ ಮಾತ್ರ ಯುದ್ಧ ಕಂಡವರ ಅಡುಗೆಮನೆಗೆ ಮತ್ತೆ ಬರಲಿಲ್ಲ.

ನೆನಪಿನ ಜಗಳ

ಯುದ್ಧ ಮುಗಿದ ಮೇಲೆ ದೇಶ ಒಂದು ಸಮಾಧಾನದ ಕಥೆಯನ್ನು ನೆಚ್ಚಿಕೊಂಡಿತು: ಬೆರಳೆಣಿಕೆಯ ದ್ರೋಹಿಗಳನ್ನು ಬಿಟ್ಟರೆ ಎಲ್ಲರೂ ಪ್ರತಿರೋಧದ ಪರ, ವಿಶಿ ನಿಜವಾದ ಫ್ರಾನ್ಸ್ ಅಲ್ಲ. ಒಡೆದ ದೇಶವನ್ನು ಕೂಡಿಸಲು ಈ ಕಥೆ ಡಿ ಗಾಲ್‌ಗೂ ಬೇಕಿತ್ತು, ಕಮ್ಯುನಿಸ್ಟರಿಗೂ ಬೇಕಿತ್ತು. 1956ರ 'ರಾತ್ರಿ ಮತ್ತು ಮಂಜು' ಸಾಕ್ಷ್ಯಚಿತ್ರದ ಒಂದು ಫೋಟೋದಲ್ಲಿ ಪಿತಿವಿಯೆ ಶಿಬಿರದ ಕಾವಲಿಗೆ ನಿಂತ ಫ್ರೆಂಚ್ ಪೊಲೀಸನ ಟೋಪಿ ಕಾಣುತ್ತಿತ್ತು. ಸೆನ್ಸಾರ್ ಅದನ್ನು ಮರೆಮಾಡಿಸಿತು. ವೆಲ್ ದಿವ್ ಕಟ್ಟಡವನ್ನು 1959ರಲ್ಲಿ ಕೆಡವಲಾಯಿತು. 1964ರಲ್ಲಿ ಜಾಂ ಮೂಲಾಂ ಅವರ ಚಿತಾಭಸ್ಮವೆಂದು ನಂಬಲಾದದ್ದನ್ನು ರಾಷ್ಟ್ರಗೌರವದೊಂದಿಗೆ ಪಾಂತೆಯೋಂ ಸ್ಮಾರಕಕ್ಕೆ ಒಯ್ದರು.

ಈ ಕಥೆ ಬಿರುಕು ಬಿಟ್ಟದ್ದು 1970ರ ದಶಕದಲ್ಲಿ. ಕ್ಲೆರ್ಮೋಂ-ಫೆರಾಂ ಪಟ್ಟಣದ ಜನರನ್ನು ಮಾತಾಡಿಸಿದ ಮಾರ್ಸೆಲ್ ಓಫುಲ್ಸ್ ಅವರ 'ದುಃಖ ಮತ್ತು ಕನಿಕರ' ಸಾಕ್ಷ್ಯಚಿತ್ರ 1971ರಲ್ಲಿ ಚಿತ್ರಮಂದಿರಕ್ಕೆ ಬಂದರೂ ಫ್ರೆಂಚ್ ಟಿವಿಯಲ್ಲಿ 1981ರವರೆಗೆ ಕಾಣಲಿಲ್ಲ. ಅಮೆರಿಕದ ಇತಿಹಾಸಕಾರ ರಾಬರ್ಟ್ ಪ್ಯಾಕ್ಸ್‌ಟನ್ 1972ರ ತಮ್ಮ ಪುಸ್ತಕದಲ್ಲಿ, ಸಹಕಾರವನ್ನು ಬಯಸಿ ಮುಂದೆ ಬಂದದ್ದು ವಿಶಿಯೇ ಎಂದು ಜರ್ಮನ್ ದಾಖಲೆಗಳಿಂದ ತೋರಿಸಿದರು. ಬೋರ್ಡೋದಲ್ಲಿ ಹಿರಿಯ ಅಧಿಕಾರಿಯಾಗಿ ಬಂಧನಗಳ ಕಾಗದಕ್ಕೆ ಸಹಿ ಹಾಕಿದ್ದ ಮೋರಿಸ್ ಪಾಪೋಂ, ಯುದ್ಧದ ನಂತರ ಪ್ಯಾರಿಸಿನ ಪೊಲೀಸ್ ಮುಖ್ಯಸ್ಥನಾಗಿ, ಸಚಿವನಾಗಿ ಬಾಳಿದ. ಅವನಿಗೆ ಹತ್ತು ವರ್ಷಗಳ ಶಿಕ್ಷೆಯಾದದ್ದು 1998ರಲ್ಲಿ.

1995ರ ಜುಲೈ 16ರಂದು ಅಧ್ಯಕ್ಷ ಜಾಕ್ ಶಿರಾಕ್, ಯಹೂದಿಗಳನ್ನು ಬಂಧಿಸಿ ಸಾಗಿಸಿದ ಆಕ್ರಮಣಕಾರರ ಕೃತ್ಯಕ್ಕೆ ಫ್ರೆಂಚರೂ ಫ್ರೆಂಚ್ ಪ್ರಭುತ್ವವೂ ನೆರವಾದವೆಂದು ಅಧಿಕೃತವಾಗಿ ಒಪ್ಪಿಕೊಂಡರು. ಅದಾದ ಮೇಲೆ ಆಸ್ತಿ ಕಳೆದುಕೊಂಡ ಯಹೂದಿ ಕುಟುಂಬಗಳಿಗೆ ಪರಿಹಾರ ಕೊಡುವ ಆಯೋಗ ಬಂತು. ಗಡೀಪಾರಾದ ಮಕ್ಕಳ ಹೆಸರುಳ್ಳ ಫಲಕಗಳನ್ನು ಅವರು ಓದಿದ ಶಾಲೆಗಳ ಗೋಡೆಗೆ ಹಾಕಲಾಯಿತು. 2024ರ ಫೆಬ್ರುವರಿ 21ರಂದು, ಮನೂಶಿಯನ್ ಹತನಾಗಿ ಸರಿಯಾಗಿ 80 ವರ್ಷಗಳಿಗೆ, ಅವನನ್ನೂ ಪತ್ನಿ ಮೆಲಿನೆಯನ್ನೂ ಪಾಂತೆಯೋಂಗೆ ಸೇರಿಸಿಕೊಳ್ಳಲಾಯಿತು. ಕೆಲವರ ಶೌರ್ಯ, ಕೆಲವರ ದ್ರೋಹ, ಬಹುಜನರ ಹೊಂದಾಣಿಕೆ, ಈ ಮೂರನ್ನೂ ಒಟ್ಟಿಗೆ ಹೇಳುವ ಇತಿಹಾಸ ಇಂದು ಫ್ರಾನ್ಸಿನ ಶಾಲಾ ಪಠ್ಯದಲ್ಲಿದೆ.